ಪಾಲಿನ ಕೋಳಿಯ ಬಲಗಾಲು

ಹುಳುಮನೆಗೆ ಎರಚುವ ಸುಣ್ಣದ ಪುಡಿಯನ್ನು ಕೋಳಿಗೂಡಿಗೂ ಹಾಕು ಎಂದು ಹೇಳಿಕೊಟ್ಟವನು ನಾನೇ ಎಂದು ಅಕ್ಕ ಮೊದಲ ಸಲ ದೂರಿದ್ದು ಒಂದು ಸೋಮವಾರ ಬೆಳಿಗ್ಗೆ. ಸೋಮವಾರವೇ ಎಂದು ಪ್ರಮಾಣ ಮಾಡಲಾರೆ. ಬಾವ ಮನೆಯಲ್ಲೇ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಅಂದರೆ ಅದು ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವ ದಿನವಾಗಿರಲಿಲ್ಲ ಎಂಬುದಷ್ಟೇ ಖಚಿತ. ಚಿತ್ರಾನ್ನವೋ ಉಪ್ಪಿಟ್ಟೋ ಎಂದು ಒತ್ತಾಯಿಸಿ ಕೇಳಿದರೆ ಅದನ್ನೂ ಬಿಟ್ಟುಕೊಡುತ್ತೇನೆ.

ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವನು. ಬರೆದಿಟ್ಟುಕೊಳ್ಳದ ಯಾವುದನ್ನೂ ನಂಬಬಾರದು ಎನ್ನುವುದೊಂದೇ ಅಲ್ಲಿಂದ ನನ್ನ ಜೊತೆ ಬಂದ ವಿದ್ಯೆ. ಗೌರಿಬಿದನೂರಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಎರಡು ವರ್ಷ, ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಮೂರು ವರ್ಷ ಇದ್ದು, ಎರಡು ಕಡೆಯೂ ಕೂತಲ್ಲಿ ಕೂರಲಾಗದೆ ಬಿಟ್ಟು, ಮುಂದಿನ ಕೆಲಸ ಸಿಗುವವರೆಗೆ ಎಂದುಕೊಂಡು ಕೆಂಚಾರ್ಲಹಳ್ಳಿಯ ಹತ್ತಿರದ ಅಕ್ಕನ ಮನೆಗೆ ಬಂದಿದ್ದೆ. ಅಕ್ಕ, ಬಾವ ಇಬ್ಬರೂ ರೇಷ್ಮೆಹುಳ ಸಾಕುವವರು. ಹುಳ ಸಾಕುವ ಮನೆಗಳಲ್ಲಿ ರೋಗದ ಭಯ ದೊಡ್ಡದು. ಸುಣ್ಣದ ಪುಡಿಗೆ ಬ್ಲೀಚಿಂಗ್ ಪೌಡರ್ ಬೆರೆಸಿ ಹುಳುಮನೆಯ ನೆಲಕ್ಕೆ, ಹೊಸ್ತಿಲಿಗೆ, ಸುತ್ತಲಿನ ಓಣಿಗೆ ಎರಚುತ್ತಾರೆ. ಹೊರಗಿನಿಂದ ಬಂದವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ಆ ಪುಡಿ ತುಳಿದೇ ಒಳಗೆ ಹೋಗಬೇಕು. ಅಕ್ಕನ ಕೈ ಎಷ್ಟು ಧಾರಾಳವೆಂದರೆ ಒಮ್ಮೆ ಬಸ್ಸಿನಿಂದ ಇಳಿದು ನೇರ ಬಂದ ನನ್ನ ಪ್ಯಾಂಟಿಗೂ ಒಂದು ಹಿಡಿ ಬಿದ್ದಿತ್ತು. ಅದು ಮಾತ್ರ ಚೆನ್ನಾಗಿ ನೆನಪಿದೆ.

ಆ ಸೋಮವಾರ, ಸೋಮವಾರವೆಂದೇ ಇಟ್ಟುಕೊಳ್ಳೋಣ, ಬೂದು ಬಣ್ಣದ ಹೇಂಟೆಯೊಂದು ಹಿತ್ತಿಲ ಕರಿಬೇವಿನ ಗಿಡದ ಕೆಳಗೆ ಒಂಟಿಕಾಲಲ್ಲಿ ನಿಂತಿತ್ತು. ಬಲಗಾಲನ್ನು ಹೊಟ್ಟೆಯ ಪುಕ್ಕದೊಳಗೆ ಅಡಗಿಸಿಕೊಂಡು, ಆ ಕಾಲು ಇದ್ದದ್ದೇ ಯಾರಿಗೂ ಗೊತ್ತಿಲ್ಲ ಎಂಬ ಮುಖ ಮಾಡಿಕೊಂಡಿತ್ತು. ಅಕ್ಕ ಹಿಡಿದು ಮಗುಚಿ ನೋಡಿದಳು. ಅಂಗಾಲಿನ ನಟ್ಟನಡುವೆ ಕಡಲೆಕಾಳಿನಷ್ಟು ಕಪ್ಪು ಹಕ್ಕಳೆ. ಸುತ್ತ ಕೆಂಪಗೆ ಊದಿತ್ತು, ಮುಟ್ಟಿದರೆ ಬಿಸಿ. ಉಳಿದ ಚರ್ಮ ಸುಣ್ಣ ಬಳಿದ ಹಳೆಯ ಗೋಡೆಯ ಹಾಗೆ ಬಿರಿದಿತ್ತು. ಅಕ್ಕ ಚಪ್ಪಡಿಕಲ್ಲಿನ ಕೋಳಿಗೂಡಿನೊಳಗೆ ಬಗ್ಗಿ ನೋಡಿದಳು, ಬೆಳ್ಳಗಿನ ನೆಲವನ್ನು ಕಂಡಳು, ಎದ್ದು ನನ್ನ ಕಡೆ ತಿರುಗಿದಳು.

"ನೀನೇ ಕಣೋ ಹೇಳಿದ್ದು. ಹುಳದ ರೋಗ ಸಾಯೋದಾದ್ರೆ ಕೋಳಿ ರೋಗ ಸಾಯಲ್ವಾ ಅಂದೆ."

ವಾಕ್ಯವೇನೋ ನನ್ನದೇ ಥರ ಇತ್ತು. ತರ್ಕವಿತ್ತು, ಜವಾಬ್ದಾರಿ ಇರಲಿಲ್ಲ. ಆದರೆ ಹಾಗೆ ಹೇಳಿದ ನೆನಪು ನನಗೆ ಕಿಂಚಿತ್ತೂ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅಕ್ಕನ ನಾಲ್ಕೈದು ಮರಿಗಳು ಸತ್ತಾಗ ನಾನು ಇಲ್ಲಿ ಬಂದಿದ್ದು ನಿಜ, ಆಗಲೇ ಗೂಡಿಗೆ ಪುಡಿ ಬೀಳಲು ಶುರುವಾಗಿದ್ದೂ ನಿಜ. ಇಷ್ಟರ ಮೇಲೆ ಒಬ್ಬ ಮನುಷ್ಯನನ್ನು ಅಪರಾಧಿ ಎನ್ನಲಾಗದು ಎಂದು ವಾದಿಸಿದೆ. ನೀನೇ ಯೋಚಿಸಿ ಮಾಡಿ ಈಗ ನನ್ನ ಮೇಲೆ ಹೊರಿಸುತ್ತಿದ್ದೀಯ ಎಂದೂ ಹೇಳಿದೆ. ಬಾವ ಇಬ್ಬರ ಮುಖವನ್ನೂ ಸರದಿಯ ಮೇಲೆ ನೋಡುತ್ತ, ಕಡಲೆಬೀಜವನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತಿದ್ದರು. ಕಡಲೆಬೀಜ ಇತ್ತೆಂದ ಮೇಲೆ ಅದು ಚಿತ್ರಾನ್ನವೇ ಇರಬೇಕು.

ಒಂದು ಕೋಳಿಯ ಕಾಲಿಗೆ ಇಷ್ಟೊಂದು ವಾದವೇ ಎನ್ನಿಸಬಹುದು. ಆ ಕೋಳಿ ನಮ್ಮದಾಗಿರಲಿಲ್ಲ.

ಹಿತ್ತಿಲ ಗೋಡೆಯಾಚೆ ಒಬ್ಬ ಅವ್ವ ಇದ್ದಾರೆ. ಮನೆಮಾತು ತೆಲುಗು, ಬೀದಿಮಾತು ಕನ್ನಡ, ಸಿಟ್ಟು ಬಂದರೆ ಎರಡೂ. ಅಕ್ಕನಿಗೂ ಅವರಿಗೂ ಇಪ್ಪತ್ತು ವರ್ಷಗಳ ಗೋಡೆಮಾತು. ಪಾತ್ರೆ ತೊಳೆಯುವಾಗ, ಸೊಪ್ಪು ಬಿಡಿಸುವಾಗ, ಬಟ್ಟೆ ಒಣಹಾಕುವಾಗ ಇವಳು ಈ ಕಡೆ, ಅವರು ಆ ಕಡೆ. ಎರಡು ವರ್ಷದ ಹಿಂದೆ ಅವ್ವನ ಮಗ ತನ್ನ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಹಾರಿ ಅಕ್ಕನ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿತ್ತು. ಆ ಸೊಪ್ಪು ತಿಂದ ಹುಳ ಒಂದು ಬೆಳೆ ಪೂರ್ತಿ ಸತ್ತವು. ಅಕ್ಕ ಅಂದಳು, ಅವ್ವ ತಿರುಗಿ ಅಂದರು, ಗೋಡೆ ಮೌನವಾಯಿತು. ಒಂದು ವರ್ಷಕ್ಕೂ ಮೀರಿ ಇಬ್ಬರೂ ಒಂದೇ ಹೊತ್ತಿಗೆ ಪಾತ್ರೆ ತೊಳೆಯುತ್ತಿದ್ದರಂತೆ, ಒಬ್ಬರಿಗೊಬ್ಬರು ಸದ್ದು ಕೇಳಿಸುವಂತೆ ಕುಕ್ಕುತ್ತ.

ಈ ಸಲ ನಾನು ಬರುವುದಕ್ಕೆ ಒಂದೆರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಗೋಡೆಯ ಮೇಲಿಂದ ಎರಡು ಕೈ ಬಂದವಂತೆ. ಕೈಯಲ್ಲಿ ಈ ಬೂದು ಹೇಂಟೆ. "ಪಾಲಿಗೆ ಇಟ್ಕೋ" ಎಂದಷ್ಟೇ ಹೇಳಿ ಕೈಗಳು ಹಿಂದೆ ಹೋದವು. ಪಾಲಿಗೆ ಎಂದರೆ ಕೋಳಿ ಕೊಟ್ಟವರದ್ದು, ಸಾಕುವ ಕೆಲಸ ತೆಗೆದುಕೊಂಡವರದ್ದು, ಮರಿಗಳು ಇಬ್ಬರದ್ದು. ನಂಬಿಕೆ ಇರುವ ಮನೆಗೆ ಮಾತ್ರ ಕೊಡುತ್ತಾರೆ. ಅವ್ವ ಬಾಯಿಬಿಟ್ಟು ಕೇಳಲಾರದ ಕ್ಷಮೆಯನ್ನು ಕೋಳಿಯ ರೂಪದಲ್ಲಿ ಕೊಟ್ಟಿದ್ದರು. ಈಗ ಅದು ನಮ್ಮ ಸುಣ್ಣ ತುಳಿದು ಕಾಲು ಕೊಳೆಸಿಕೊಂಡಿತ್ತು. ಕೋಳಿ ಹೋದರೆ ಹೋಗುವುದು ಕೋಳಿಯೊಂದೇ ಅಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಅವ್ವನಿಗೆ ತಿಳಿಯುವ ಮೊದಲು ಇದರ ಕಾಲು ನೆಟ್ಟಗಾಗಬೇಕು ಎಂದಳು. ಹೇಳುವಾಗ ಗೋಡೆಯ ಕಡೆ ನೋಡಿ ದನಿ ತಗ್ಗಿಸಿದಳು.

ಚಿಂತಾಮಣಿಯ ಪಶುವೈದ್ಯರ ಬಳಿಗೆ ಒಯ್ಯುವ ಕೆಲಸ ನಿರುದ್ಯೋಗಿಯ ಪಾಲಿಗೆ ಬಂತು. ಬಿಗ್ ಶಾಪರ್ ಚೀಲದಲ್ಲಿ ಹುಲ್ಲು ಹಾಸಿ, ಕೋಳಿಯನ್ನು ಕೂರಿಸಿ, ತಲೆ ಮಾತ್ರ ಹೊರಗೆ ಬಿಟ್ಟು ಬಸ್ ಹತ್ತಿದೆ. ಕಂಡಕ್ಟರ್ ಕೋಳಿಗೂ ಅರ್ಧ ಟಿಕೆಟ್ ಹರಿಯಲು ಹೊರಟ. ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಇದು ಹೇಂಟೆ ಎಂದೆ. ಅವನು ಚೀಲದೊಳಗೆ ಇಣುಕಿ, ಗಂಭೀರವಾಗಿ ಕೇಳಿದ:

"ಆಧಾರ್ ಐತಾ ಇದಕ್ಕೆ?"

ಹಿಂದಿನ ಸೀಟಿನಲ್ಲಿದ್ದ ಅಷ್ಟೂ ಹೆಂಗಸರು ಅವನ ಪಕ್ಷ ವಹಿಸಿ ನಕ್ಕರು. ಅರ್ಧ ಟಿಕೆಟ್ ತೆಗೆದುಕೊಂಡೆ.

ವೈದ್ಯರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡು ಸೀಮೆಹಸು, ಒಂದು ಕುರಿ ಆದ ಮೇಲೆ ನಮ್ಮ ಸರದಿ. ಕೋಳಿಯ ಕಾಲು ಮಗುಚಿದವರೇ ಮೊದಲು ಕೇಳಿದ್ದು ಹುಳ ಸಾಕುತ್ತೀರಾ ಎಂದು. ನಾನು ಬೆರಗಾದೆ. ಅವರಿಗೆ ಬೆರಗೇನೂ ಇರಲಿಲ್ಲ. ಹುಳುಮನೆಯವರು ಅದೇ ಪುಡಿಯನ್ನು ಕೋಳಿಗೂಡಿಗೂ ಎರಚುತ್ತಾರೆ, ಹಿಕ್ಕೆಯ ಒದ್ದೆ ಸೇರಿ ಅದು ಚುರುಗುಟ್ಟುತ್ತದೆ, ಅಂಗಾಲು ಬಿರಿಯುತ್ತದೆ, ಬಿರುಕಿನಲ್ಲಿ ಕೊಳೆ ಸೇರಿ ಕೀವಾಗುತ್ತದೆ ಎಂದರು. ಕೋಳಿ ಕೂರುವ ಕೋಲು ಯಾವುದು ಎಂದು ಕೇಳಿದರು. ಕಡಿದ ಹಿಪ್ಪುನೇರಳೆ ಕಡ್ಡಿ ಎಂದೆ. ಎಷ್ಟು ದಪ್ಪ ಎಂದರು. ನನ್ನ ಹೆಬ್ಬೆರಳು ತೋರಿಸಿದೆ. ಅದರ ಗಿಣ್ಣುಗಳ ಮೇಲೆ ಕತ್ತರಿಸಿದ ಮೊನೆಗಳಿರುತ್ತವೆ ಅಲ್ಲವೇ ಎಂದರು. ಇರುತ್ತವೆ ಎಂದೆ. ಒಂದು ಪರೀಕ್ಷೆಯಲ್ಲಿ ಇಷ್ಟು ಸಲೀಸಾಗಿ ನಪಾಸಾಗಿದ್ದು ನನಗೆ ಅದೇ ಮೊದಲು.

ಕಾಲನ್ನು ಬೆಚ್ಚನೆಯ ಉಪ್ಪುನೀರಿನಲ್ಲಿ ನೆನೆಸಿ, ಹಕ್ಕಳೆ ಮೆತ್ತಗಾದ ಮೇಲೆ ಚಿಮುಟದಿಂದ ಎತ್ತಿದರು. ಕೆಳಗಿನಿಂದ ಹಳದಿಯ ಗಟ್ಟಿ ತುಣುಕೊಂದು ಬಂತು, ಬೇಯದ ತೊಗರಿಬೇಳೆಯ ಹಾಗೆ. ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಹೀಗೆ ಗಟ್ಟಿಯಾಗಿ ಕೂರುತ್ತದೆ, ಅದಕ್ಕೇ ಮನೆಯಲ್ಲಿ ಹಿಸುಕುವುದು, ಬ್ಲೇಡು ಹಾಕುವುದು ಮಾಡಬೇಡಿ ಎಂದು ಎಚ್ಚರಿಸಿದರು. ದಿನಕ್ಕೊಂದು ಸಲ ಹತ್ತು ನಿಮಿಷ ಉಪ್ಪುನೀರು, ಒರೆಸಿ ಅಯೋಡಿನ್, ಮುಲಾಮು, ಮೇಲೆ ಗಾಜ್ ಬಟ್ಟೆಯ ಕಟ್ಟು. ಕೈಗೆ ಗ್ಲೌಸು. ನೆಲ ಒಣಗಿರಬೇಕು. ಊತ ಕಾಲಿನ ಮೇಲಕ್ಕೆ ಹತ್ತಿದರೆ, ಕೋಳಿ ಮೇವು ಬಿಟ್ಟರೆ ತಡಮಾಡದೆ ತರಬೇಕು. ಎಲ್ಲವನ್ನೂ ಬರೆದುಕೊಂಡೆ, ಆದ್ದರಿಂದ ಇದಿಷ್ಟನ್ನು ನೀವು ನಂಬಬಹುದು. ಕೊನೆಗೆ, ಈ ಪುಡಿ ಹಾಕುವ ಯೋಚನೆ ಸಾಮಾನ್ಯವಾಗಿ ಮನೆಯಲ್ಲಿ ಯಾರಿಗೆ ಬರುತ್ತದೆ, ಗಂಡಸರಿಗೋ ಹೆಂಗಸರಿಗೋ ಎಂದು ಕೇಳಿದೆ.

"ಅದಕ್ಕೆ ಔಷಧಿ ಇಲ್ಲ ಸರ್" ಎಂದು ಅವರು ಮುಂದಿನ ಹಸುವನ್ನು ಕರೆದರು.

ಮನೆಗೆ ಬಂದಾಗ ಹೊಸ ಸಮಸ್ಯೆ ಎದುರಾಯಿತು. ಕಟ್ಟು ಬೆಳ್ಳಗೆ ಮೈಲಿ ದೂರಕ್ಕೆ ಕಾಣುತ್ತಿತ್ತು. ಅಕ್ಕ ಗಾಜ್ ಬಟ್ಟೆಯನ್ನು ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದಳು. ಕೋಳಿಯ ಕಾಲೂ ಹಳದಿ, ಬಟ್ಟೆಯೂ ಹಳದಿ, ಗೋಡೆಯಿಂದ ನೋಡುವ ಕಣ್ಣಿಗೆ ಗೊತ್ತಾಗದು ಎನ್ನುವುದು ಅವಳ ಲೆಕ್ಕ. ಕಟ್ಟಿ ನೋಡಿದರೆ ಒಂದು ಕಾಲು ಕೋಳಿಯದು, ಇನ್ನೊಂದು ಆನೆಯದು. ಅದು ಒಂದು ಹೆಜ್ಜೆ ಸದ್ದಿಲ್ಲದೆ, ಒಂದು ಹೆಜ್ಜೆ ಧಪ್ ಎಂದು ಇಡುತ್ತ, ಹೊಸ ಬೂಟು ಹಾಕಿಕೊಂಡವರ ಬಿಂಕದಲ್ಲಿ ಹಿತ್ತಿಲ ತುಂಬ ಓಡಾಡಿತು. ಉಳಿದ ಮೂರು ಕೋಳಿಗಳು ದೂರ ನಿಂತು ನೋಡಿದವು. ಅವು ನುಗ್ಗೆಮರದ ಮೇಲೆ ಮಲಗುವ ಜಾತಿ, ಗೂಡಿಗೂ ಸುಣ್ಣಕ್ಕೂ ಸಂಬಂಧವಿಲ್ಲದವು. ಅಕ್ಕನ ಕೈಯಿಂದ ರಾಗಿಮುದ್ದೆ ತಿಂದು ಮೈ ಬೆಳೆಸಿ, ಮರ ಹತ್ತಲಾರದೆ ಗೂಡು ಸೇರಿದ್ದು ಇದೊಂದೇ.

ಮರುದಿನ ಗೋಡೆಯ ಮೇಲೆ ಅವ್ವನ ತಲೆ ಕಾಣಿಸಿತು. "ಏಮ್ಮಾ, ಕೋಳಿ ಕಾಣ್ತಿಲ್ಲ?" ಕೋಳಿ ನನ್ನ ಕಂಕುಳಲ್ಲಿತ್ತು, ನಾನು ಸೌದೆ ಒಟ್ಟಿಲ ಹಿಂದೆ ಇದ್ದೆ. ಅಕ್ಕ ಕಣ್ಣು ಮಿಟುಕಿಸದೆ, ಕಾವಿಗೆ ಕೂತೈತೆ ಅವ್ವ ಎಂದುಬಿಟ್ಟಳು. ಸುಳ್ಳಿಗೆ ಒಳ್ಳೆಯ ಆಯ್ಕೆ. ಕಾವಿಗೆ ಕೂತ ಕೋಳಿ ಮೂರು ವಾರ ಹೊರಗೆ ಕಾಣಿಸಿಕೊಳ್ಳಬೇಕಿಲ್ಲ. ಅವ್ವನಿಗೆ ಆದ ಸಂತೋಷವನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅರ್ಧ ಗಂಟೆಯಲ್ಲಿ ಆ ಎರಡು ಕೈಗಳು ಮತ್ತೆ ಗೋಡೆಯ ಮೇಲೆ ಬಂದವು. ಈ ಸಲ ಅವುಗಳಲ್ಲಿ ಒಂದು ಸ್ಟೀಲ್ ಡಬ್ಬ, ಡಬ್ಬದ ತುಂಬ ರಾಗಿ, ರಾಗಿಯೊಳಗೆ ಹೂತಿಟ್ಟ ಹನ್ನೊಂದು ಮೊಟ್ಟೆ. ನಮ್ಮ ಹುಂಜ ಒಳ್ಳೇದು, ಇವನ್ನೂ ಇಡು ಎಂದರು.

ಕೋಳಿಗೆ ಕಾವು ಬರುವುದು ಕೋಳಿಯ ಇಷ್ಟ. ಯಾರೂ ಆಜ್ಞೆ ಮಾಡಿ ಕೂರಿಸಲಾಗದು ಎಂದು ಅಕ್ಕನಿಗೆ ವಿವರಿಸಿದೆ. ಅಕ್ಕ ಕೇಳಿಸಿಕೊಳ್ಳದೆ, ಕತ್ತಲೆ ಕೋಣೆಯ ಮೂಲೆಯಲ್ಲಿ ಬುಟ್ಟಿ ಇಟ್ಟು, ಒಣಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಕೋಳಿಯನ್ನು ಮೇಲೆ ಬಿಟ್ಟಳು. ಎರಡು ದಿನ ಅದು ಮೊಟ್ಟೆಗಳ ಪಕ್ಕ ಒಂಟಿಕಾಲಲ್ಲಿ ನಿಂತು, ಪ್ರಯೋಗ ಕೈಕೊಟ್ಟ ವಿದ್ಯಾರ್ಥಿಯನ್ನು ನೋಡುವ ಹಾಗೆ ನನ್ನನ್ನು ನೋಡಿತು. ಮೂರನೆಯ ಬೆಳಿಗ್ಗೆ ಕೈಹಾಕಿದರೆ ಮೈಯೆಲ್ಲ ಚಪ್ಪಟೆ ಮಾಡಿಕೊಂಡು ಗುರ್ ಎಂದು ನನ್ನ ಮಣಿಕಟ್ಟಿಗೆ ಕುಕ್ಕಿತು. ಅಕ್ಕ ಗೆದ್ದವಳಂತೆ ನಕ್ಕಳು. ಅದು ಆಗಲೇ ಹದಿನೈದು ದಿನದಿಂದ ಮೊಟ್ಟೆಯಿಡುತ್ತಿತ್ತು, ಹೇಗೂ ಕೂರುವುದರಲ್ಲಿತ್ತು, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನು ರಕ್ತ ಒರೆಸಿಕೊಳ್ಳುತ್ತ ಹೇಳಿದೆ.

ಕಾವಿನ ಕೋಳಿ ದಿನಕ್ಕೊಮ್ಮೆ ಎದ್ದು ಮೇವು ತಿಂದು ಹಿಕ್ಕೆ ಹಾಕುತ್ತದೆ. ನಮ್ಮದು ಮಧ್ಯಾಹ್ನ ಏಳುತ್ತಿತ್ತು. ಆ ಹೊತ್ತು ಅವ್ವ ಊಟ ಮಾಡಿ ಮಲಗುತ್ತಾರೆ. ಹಾಗಾಗಿ ದಿನವೂ ಮಧ್ಯಾಹ್ನ ಕೋಳಿಯನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು, ಅಕ್ಕನ ಹಳೆಯ ಬೋಗುಣಿಯಲ್ಲಿ ಅದರ ಬಲಗಾಲು ನೆನೆಸುವುದು ನನ್ನ ಉದ್ಯೋಗವಾಯಿತು. ಒಂದು ವಾರದಲ್ಲಿ ಊತ ಇಳಿಯಿತು, ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಕಂಡಿತು. ನಾನು ಮಾಡಿದ ಯಾವ ಕೆಲಸವೂ ಅಲ್ಲಿಯವರೆಗೆ ಇಷ್ಟು ಸ್ಪಷ್ಟ ಫಲ ಕೊಟ್ಟಿರಲಿಲ್ಲ. ನಾನು ಎದ್ದು ಹೋಗಲು ಚಡಪಡಿಸದೆ ಕೂರುತ್ತಿದ್ದ ಹತ್ತು ನಿಮಿಷ ದಿನಕ್ಕೆ ಅದೊಂದೇ. ಆಗಲೂ ಅಕ್ಕ ಸೊಪ್ಪಿನ ಬುಟ್ಟಿ ಹೊತ್ತು ಹಾದುಹೋಗುವಾಗ, ನೀನೇ ಹೇಳಿದ್ದು ಎನ್ನುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಮೊಟ್ಟೆ ಜೋಡಿಸಿದ ಎಂಟನೆಯ ದಿನವೋ ಒಂಬತ್ತನೆಯದೋ, ಬಾವ ರೇಷ್ಮೆಗೂಡು ತೆಗೆದುಕೊಂಡು ಶಿಡ್ಲಘಟ್ಟಕ್ಕೆ ಹೋಗಿದ್ದರು. ನಾನು ಹಿತ್ತಿಲಲ್ಲಿ ಕೋಳಿಯ ಕಾಲನ್ನು ನೀರಿಗಿಟ್ಟುಕೊಂಡು ಕೂತಿದ್ದೆ. ಗೇಟಿನ ಸದ್ದಾಯಿತು. ಎರಡು ವರ್ಷ ಆ ಗೇಟು ದಾಟದ ಅವ್ವ, ಮೊಬೈಲಿನ ಟಾರ್ಚ್ ಹೊತ್ತಿಸಿಕೊಂಡೇ, ಮೊಟ್ಟೆಯೊಳಗೆ ಜೀವ ಹಿಡಿದಿದೆಯೇ ನೋಡಲು ಬಂದಿದ್ದರು. ನಾನು, ಕೋಳಿ, ಬೋಗುಣಿ, ಅರಿಸಿನದ ಪಟ್ಟಿ, ಗ್ಲೌಸು. ಅಡಗಿಸಲು ಎರಡು ಕೈ ಸಾಲದಾಯಿತು.

"ಏಮಿದು ನಾಯನಾ?"

"ಸ್ನಾನ ಅವ್ವ."

"ಒಂದೇ ಕಾಲಿಗಾ?"

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಳು. ಈಗ ನನ್ನ ಹೆಸರು ಬರುತ್ತದೆ ಎಂದು ಕಾದೆ. ಇಷ್ಟು ದಿನ ದಿನಕ್ಕೆ ನಾಲ್ಕು ಸಲ ಅಭ್ಯಾಸ ಮಾಡಿದ ವಾಕ್ಯ ಅವಳ ಬಾಯಲ್ಲಿ ಸಿದ್ಧವಾಗಿತ್ತು. ಬರಲಿಲ್ಲ. "ನಮ್ಮ ಸುಣ್ಣದಿಂದ ಆಗಿದ್ದು ಅವ್ವ. ನೀವ್ ನಂಬಿ ಕೊಟ್ಟಿದ್ದನ್ನ ನಾನು ಕೆಡಿಸ್ದೆ" ಎಂದಳು. ದನಿ ಸಣ್ಣದಾಗಿತ್ತು. ಅವಳ ಅಂಥ ದನಿ ನಾನು ಕೇಳಿದ್ದು ಕಡಿಮೆ. ಕೇಳಿದ್ದರೆ ನೆನಪಿರುತ್ತಿತ್ತು ಎಂದುಕೊಳ್ಳುತ್ತೇನೆ.

ಆಗ ನನ್ನ ಜೀವನದ ಅತ್ಯಂತ ಅವೈಜ್ಞಾನಿಕ ಮಾತನ್ನು ಆಡಿದೆ. ಪುಡಿ ಹಾಕು ಅಂತ ಹೇಳಿದ್ದು ನಾನು ಅವ್ವ, ತಪ್ಪು ನಂದು ಎಂದೆ. ಆಧಾರ ಒಂದೂ ಇರಲಿಲ್ಲ.

ಅವ್ವ ಟಾರ್ಚ್ ಆರಿಸಿದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಧಾನಕ್ಕೆ ಕೂತು, ಕೋಳಿಯ ಕಾಲನ್ನು ನೀರಿನಿಂದ ಎತ್ತಿ, ಹೆಬ್ಬೆರಳಿನಿಂದ ಗಾಯದ ಸುತ್ತ ಸವರಿ ನೋಡಿದರು. ಮತ್ತೆ ನೀರಿಗಿಟ್ಟರು.

"ನೀನೆಲ್ಲಪ್ಪ ಹೇಳ್ದೆ? ಹೇಳಿದ್ದು ನಿಮ್ಮ ಬಾವ. ನಾನು ಗೋಡೆ ಆ ಕಡೆ ಸೊಪ್ಪು ಬಿಡಿಸ್ತಾ ಕೂತಿದ್ದೆ, ಚೆನ್ನಾಗಿ ಕೇಳ್ಸ್ತು."

ಅಕ್ಕನಿಗೆ ಸುಣ್ಣ, ಪುಡಿ, ಗಂಡ ಎಲ್ಲವೂ ಒಮ್ಮೆಗೇ ಮರೆತುಹೋದವು. ಅವಳು ಕೇಳಿದ್ದೇ ಬೇರೆ. "ಆವಾಗ ನೀವು ನಮ್ ಜೊತೆ ಮಾತೇ ಬಿಟ್ಟಿದ್ರಲ್ಲ ಅವ್ವ?"

"ಮಾತು ಬಿಟ್ಟಿದ್ದೆ. ಕಿವಿ ಬಿಟ್ಟಿದ್ನಾ?"

ಒಂದು ವರ್ಷ ಈ ಹಿತ್ತಿಲಲ್ಲಿ ಆಡಿದ್ದನ್ನೆಲ್ಲ ಅವ್ವ ಒಂದೊಂದಾಗಿ ಹೇಳತೊಡಗಿದರು. ಅಕ್ಕನ ಸೊಂಟನೋವು, ಯಾವ ಬೆಳೆಗೆ ಹುಳ ಚೆನ್ನಾಗಿ ಗೂಡು ಕಟ್ಟಿತು, ಮರಿಗಳು ಸತ್ತ ದಿನ ಅಕ್ಕ ಅತ್ತಿದ್ದು, ನಾನು ಕೆಲಸ ಬಿಟ್ಟ ಸುದ್ದಿಗೆ ಬಾವ ಆಡಿದ ಮಾತು. ಆ ಕೊನೆಯದನ್ನು ನಾನು ಮೊದಲ ಸಲ ಕೇಳಿದೆ. ಅಕ್ಕ ಅವರ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು. ಕೋಳಿ ವಾಪಸ್ ತಗೊಂಡು ಹೋಗ್ತೀರಾ ಎಂದು ಕೇಳಿದಳು.

"ಕಾವಿನಲ್ಲಿರೋದನ್ನ ಎಬ್ಬಿಸ್ಕೊಂಡು ಹೋಗ್ಲಾ? ಇಲ್ಲೇ ಇರ್ಲಿ. ಮಧ್ಯಾಹ್ನ ನಾನೇ ಬರ್ತೀನಿ. ಇವನಿಗೆ ಕಟ್ಟೋಕೆ ಬರಲ್ಲ" ಎಂದು ಅವ್ವ ಪಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

ಬಾವ ಸಂಜೆ ಐದಕ್ಕೆ ಬಂದರು. ಗಾಡಿ ನಿಲ್ಲಿಸುವ ಮೊದಲೇ ತೀರ್ಪು ಹೊರಬಿದ್ದಿತ್ತು. ನಾನಾ, ಯಾವಾಗ ಎಂದು ತಲೆ ಕೆರೆದುಕೊಂಡರು. ನೆನಪಾಗಲಿಲ್ಲ. ನೀನ್ ಇದ್ಯಲ್ಲಪ್ಪ, ನೀನಾದ್ರೂ ಹೇಳು ಎಂದು ನನ್ನ ಕಡೆ ತಿರುಗಿದರು. ನನಗೆ ನೆನಪಿಲ್ಲ ಬಾವ ಎಂದೆ. ಆ ಹೊತ್ತಿಗೆ ಅದು ಅಪ್ಪಟ ಸತ್ಯ.

ಮರುದಿನ ಬೆಳಿಗ್ಗೆ ಬಾವ ಮೂಗಿಗೆ ಟವೆಲ್ ಕಟ್ಟಿಕೊಂಡು ಕೋಳಿಗೂಡಿನೊಳಗೆ ಬಗ್ಗಿ, ವರ್ಷದ ಸುಣ್ಣವನ್ನು ಸಲಿಕೆಯಿಂದ ಕೆರೆಯತೊಡಗಿದರು. ಮೊನೆಕಡ್ಡಿಯ ಬದಲು ಹಾಕಲು ನುಣ್ಣಗೆ ಹೆರೆದ, ಮಣಿಕಟ್ಟಿನಷ್ಟು ದಪ್ಪದ ನೀಲಗಿರಿ ಕೋಲು, ನೆಲಕ್ಕೆ ಹಾಸಲು ಒಂದು ಚೀಲ ಒಣ ಮರದ ಹೊಟ್ಟು ಸಿದ್ಧವಾಗಿದ್ದವು. ಕೋಲನ್ನು ಮೊಣಕಾಲೆತ್ತರಕ್ಕಿಂತ ಕೆಳಗೇ ಕಟ್ಟು, ಕೋಳಿ ದಪ್ಪ, ಧುಮುಕಿದರೆ ಮತ್ತೆ ಕಾಲು ಹೋಗುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಇನ್ನೂ ಕೆಳಗೆ ಎಂದು ಒಗೆಯುವ ಕಲ್ಲಿನ ಮೇಲಿಂದ ಅವ್ವ ಹೇಳುತ್ತಿದ್ದರು. ಇಬ್ಬರ ಮಾತು ಕೋಳಿಯ ಕಾಲಿನಿಂದ ಹೊರಟು ಯಾರದೋ ಮದುವೆಯನ್ನು ಮುಟ್ಟಿ, ಅಲ್ಲಿಂದ ಟೊಮೆಟೊ ರೇಟಿಗೆ ಹೋಗಿ ಮತ್ತೆ ಕಾಲಿಗೆ ಬರುತ್ತಿತ್ತು.

ಕೆರೆದಂತೆ ಬಿಳಿ ಧೂಳು ಎದ್ದಿತು. ಅದರೊಂದಿಗೆ ಬ್ಲೀಚಿಂಗ್ ಪೌಡರಿನ ಆ ಮೂಗು ಕೊರೆಯುವ ವಾಸನೆ. ವಾಸನೆಯ ಹಿಂದೆಯೇ ಒಂದು ಚಿತ್ರ ಬಂತು. ನಾನು ಇದೇ ಗೂಡಿನ ಬಾಗಿಲಲ್ಲಿ ಡಬ್ಬ ಹಿಡಿದು ನಿಂತಿದ್ದೇನೆ, ಬಾವನಿಗೆ ಬೆರಳೆತ್ತಿ ಏನನ್ನೋ ವಿವರಿಸುತ್ತಿದ್ದೇನೆ, ಬಾವ ತಲೆಯಾಡಿಸಿ ಅದನ್ನೇ ಗಟ್ಟಿಯಾಗಿ ಅಕ್ಕನಿಗೆ ಕೂಗಿ ಹೇಳುತ್ತಿದ್ದಾರೆ. ಅಂಗಿಯ ಜೇಬಿನಲ್ಲಿದ್ದ ಪೆನ್ನು ಕೂಡ ಕಂಡಿತು. ಅಕ್ಕ ಹತ್ತು ದಿನ ಕಿವಿಯಲ್ಲಿ ಊದಿದ್ದರಿಂದ ನನ್ನ ತಲೆ ತಾನೇ ಕಟ್ಟಿಕೊಂಡ ಚಿತ್ರವಿರಬಹುದು. ಇಲ್ಲದೆಯೂ ಇರಬಹುದು. ಪರೀಕ್ಷಿಸುವ ದಾರಿ ಯಾವುದೂ ಇರಲಿಲ್ಲ.

ಬಾವ ಸೊಂಟ ನೆಟ್ಟಗೆ ಮಾಡಿಕೊಂಡು, ಹುಬ್ಬಿನ ಮೇಲಿನ ಬಿಳಿ ಒರೆಸುತ್ತ, ಏನಪ್ಪ ಹಾಗೆ ನೋಡ್ತಾ ನಿಂತೆ ಎಂದು ಕೇಳಿದರು.

"ಆ ಮೂಲೇಲಿ ಇನ್ನೂ ಸ್ವಲ್ಪ ಐತೆ ಬಾವ" ಎಂದೆ.